ಕನ್ನಡಿ ಬಿಡದ ಕೊಂಪಿ

"ಈ ಸಲದ ಎಳ್ಳ ಅಮಾಸಿಗೆ ನಮ್ಮ ಮಾವನ ಕುತ್ತಿಗಿ ನೆಟ್ಟಗ ಮಾಡೇ ತೀರ್ತೀನಿ!"

ಉದಗೀರಿನ ಬಾಡಿಗೆ ಮನೆಯಲ್ಲಿ ಚಹಾದ ಕಪ್ಪನ್ನು ನೆಲಕ್ಕೆ ಕುಟ್ಟಿ ಕೈಲಾಸ ಹೀಗೆ ಶಪಥ ಮಾಡಿದಾಗ, ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಮೀನಲಳ ಕೈ ಅಲ್ಲೇ ನಿಂತಿತು.

"ನೆಟ್ಟಗ ಮಾಡ್ತೀರೋ, ಮುರಿದು ಇಡ್ತೀರೋ? ಮೊದಲ ಹೇಳ್ರಿ. ನಂಗ ಇರೂದು ಒಬ್ಬನೇ ಅಪ್ಪ."

ಆ ಒಬ್ಬನೇ ಅಪ್ಪ ರೇವಣಪ್ಪ. ದೇವಣಿಯ ಆಚೆ ಹಳ್ಳಿಯಲ್ಲಿ ಹೊಲ ಮನೆ. ಹಳೆಯ ದೊಡ್ಡ ಟ್ರ್ಯಾಕ್ಟರನ್ನು ಇಪ್ಪತ್ತೆರಡು ವರ್ಷ ಓಡಿಸಿದ ಮನುಷ್ಯ. ಮುಂದೆ ಹೋಗುತ್ತ ಹಿಂದಿನ ನೇಗಿಲು ನೋಡಬೇಕು, ನೇಗಿಲು ನೋಡುತ್ತ ಮುಂದೆ ಹೋಗಬೇಕು. ಹೀಗೆ ನೋಡಿ ನೋಡಿ ಕುತ್ತಿಗೆ ಎಡಕ್ಕೆ ತಿರುಗಿದ್ದು ವಾಪಸು ಬರುವುದನ್ನೇ ಮರೆತುಬಿಟ್ಟಿತ್ತು. ಮಗಳ ಮದುವೆಯ ಫೋಟೋದಲ್ಲಿ ಬೀಗರೆಲ್ಲ ಕ್ಯಾಮೆರಾ ನೋಡುತ್ತಿದ್ದರೆ ಈತ ಅಡುಗೆಯ ಪೆಂಡಾಲು ನೋಡುತ್ತಿದ್ದಾನೆ. ಒಬ್ಬರನ್ನು ಕೇಳಿದ ಪ್ರಶ್ನೆಗೆ ಯಾವಾಗಲೂ ಇಬ್ಬರು ಉತ್ತರ ಕೊಡುತ್ತಾರೆ: ಕೇಳಿಸಿಕೊಂಡವರೊಬ್ಬರು, ಎದುರಿಗೆ ಸಿಕ್ಕವರೊಬ್ಬರು!

ಕೈಲಾಸನಿಗೆ ಮಾವನ ಕುತ್ತಿಗೆಯ ಮೇಲೆ ಇಷ್ಟು ಅಕ್ಕರೆ ಹುಟ್ಟಲು ಕಾರಣ ಬೇರೆ ಇತ್ತು. ಅವನು ನಾಗನಾಥ ಸೇಠರ ಸಣ್ಣ ಟ್ರ್ಯಾಕ್ಟರಿನ ಶೋರೂಮಿನಲ್ಲಿ ಮೂರು ವರ್ಷದಿಂದ ಕಾಯಂ ಆಗದ ಕಚ್ಚಾ ನೌಕರ. ಕೆಲಸ ಡೆಮೊ ತೋರಿಸುವುದು. ತೋರಿಸುವುದಕ್ಕಿಂತ ಹೇಳುವುದು ಹೆಚ್ಚು. "ನೋಡ್ರಿ ಯಜಮಾನ್ರೇ, ಬಾನೆಟ್ ಹ್ಯಾಂಗ ಇಳಿಜಾರ ಅದ! ಮುಂದಿನ ಗಾಲಿ ಕೆಳಗಿನ ಹೆಂಟಿ ಸೈತ ಕಾಣ್ತದ. ಸೀಟು ನೋಡ್ರಿ, ಸೋಫಾ! ಕುಂತಲ್ಲೇ ಹಿಂದಿನ ಕಲ್ಟಿವೇಟರಿನ ಹಲ್ಲು ಎಣಸ್ಬಹುದು!" ಎಂದು ಅವನು ಶೋರೂಮಿನ ಫರಸಿಯ ಮೇಲೆ ನಿಂತ ಗಾಡಿಯನ್ನೇ ಆಕಾಶಕ್ಕೆ ಹಾರಿಸುತ್ತಿದ್ದ. ಹೊಲಕ್ಕೆ ಇಳಿಸಿ ಓಡಿಸಿದ್ದು ಮಾತ್ರ ಬೆರಳೆಣಿಕೆ.

ಸೇಠರು ಕಡೆಗೆ ಹೇಳಿಬಿಟ್ಟಿದ್ದರು: "ಕೈಲಾಸ, ಮಾತು ಬಸ್. ಸಂಕ್ರಾಂತಿ ಒಳಗ ಒಂದು ಬುಕಿಂಗ್ ತಗೊಂಡ್ ಬಾ. ತಂದಿ, ಕಾಯಂ. ತರಲಿಲ್ಲ, ರಾಮ್ ರಾಮ್. ಡೆಮೊ ಗಾಡಿ ಒಯ್ಯಿ. ನಾನೂ ನಿಮ್ಮ ಮಾವನ ಹೊಲಕ್ಕ ಅಮಾಸಿ ಊಟಕ್ಕ ಬರ್ತೀನಿ."

ರೇವಣಪ್ಪ ತೆಗೆದುಕೊಂಡರೆ ಊರು ತೆಗೆದುಕೊಂಡ ಹಾಗೆ. ಆದ್ದರಿಂದ ಕೈಲಾಸ ಕಂಪನಿ ಕೊಟ್ಟ ಸೌಕರ್ಯ ಸಾಲದೆಂದು ತನ್ನದೂ ಸೇರಿಸಿದ. ಲಗ್ನದ ಮಂಟಪದಿಂದ ತಂದ, ಅಂಚಿಗೆ ಜರತಾರಿ ಝಾಲರ ಇಳಿಬಿದ್ದ ಮೇಲ್ಕಟ್ಟು. ಚಳಿಗಾಳಿ ಬಡಿಯದಂತೆ ಮೂರೂ ಕಡೆ ತಾಡಪತ್ರಿ. ಸೀಟಿನ ಮೇಲೆ ಎರಡು ಕೌದಿ ಮಡಿಸಿದ ಗಾದಿ. ಗುಜರಿಯಿಂದ ತಂದ, ಹಳೆ ಬಸ್ಸಿನ ಎರಡು ದುಂಡು ಕನ್ನಡಿ, ಎಡಕ್ಕೊಂದು ಬಲಕ್ಕೊಂದು. ಅವು ಕಾಣಲೆಂದು ತಾಡಪತ್ರಿಗೆ ಎರಡು ತೂತು. ಇನ್ನು ಮಾವ ಹಿಂದೆ ತಿರುಗಿ ನೋಡುವ ಪ್ರಮೇಯವೇ ಇಲ್ಲ!

ಕೈಲಾಸ ಏರಿ ಕೂತ. ಗಾದಿಯ ದಪ್ಪಕ್ಕೆ ತಲೆ ಮೇಲ್ಕಟ್ಟಿಗೆ ಹತ್ತಿತು. ಕಣ್ಣಿನ ಎದುರು ಸರಿಯಾಗಿ ಝಾಲರ ಬಂದು ನಿಂತಿತು.

"ರೀ, ಮುಂದ ಏನ್ ಕಾಣ್ಲತ್ತದ?" ಮೀನಲ ಕೆಳಗಿನಿಂದ ಕೇಳಿದಳು.

"ಎಲ್ಲಾ ಕಾಣ್ತದ!" ಎಂದ ಕೈಲಾಸ, ಝಾಲರದ ಎಳೆ ಎಣಿಸುತ್ತ.

ಅಮಾವಾಸ್ಯೆಯ ಹಿಂದಿನ ಸಂಜೆ ಶೋರೂಮಿನ ಪಿಕಪ್ಪು ಗಾಡಿಯನ್ನು ಮಾವನ ಅಂಗಳಕ್ಕೆ ಇಳಿಸಿ ಹೋಯಿತು. ಮನೆಯಲ್ಲಿ ಹಬ್ಬದ ಗಡಿಬಿಡಿ. ಅತ್ತೆ ಚಂಪಾಬಾಯಿ ಭಜ್ಜಿ ಪಲ್ಯಕ್ಕೆ ಹಸಿ ತೊಗರಿ, ಕಡಲೆ, ಹತ್ತು ಬಗೆಯ ಕಾಯಿಪಲ್ಲೆ ರಾಶಿ ಹಾಕಿ ಕೂತಿದ್ದಳು. ರೇವಣಪ್ಪನ ಮುದಿ ತಾಯಿ ರಂಭಾಬಾಯಿ ಸಜ್ಜೆಯ ಉಂಡೆ ಕಟ್ಟುತ್ತಿದ್ದಳು. ಮಾರನೆಯ ದಿನ ಊರಿಗೆ ಊರೇ ಹೊಲದಲ್ಲಿ. ಹೊಲದಲ್ಲಿ ಪೂಜೆಗೆಂದು ಜೋಳದ ಕಣಿಕೆಯಿಂದ ಕಟ್ಟಿದ ಪುಟ್ಟ ಗುಡಿಸಲು, ಕೊಂಪಿ, ಆಗಲೇ ಎದ್ದು ನಿಂತಿತ್ತು. ಅದರೊಳಗೆ ಪಾಂಡವರೆಂದು ಪೂಜಿಸುವ, ಸುಣ್ಣ ಬಳಿದ ಕಲ್ಲುಗಳು, ಕೊಂಪಿಗೆ ಹೊದಿಸಿದ ಕೆಂಪು ಶಾಲು.

ರೇವಣಪ್ಪ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ ಹೇಳಿದ: "ಅಳಿಯಾರ, ನಾಳಿ ಭೂಮಿತಾಯಿ ಬಸುರಿ. ಕಬ್ಬಿಣದ ಹಲ್ಲು ನೆಲಕ್ಕ ಹತ್ತಬಾರದು. ಕಲ್ಟಿವೇಟರ್ ಎತ್ತಿ ಹಿಡದು ಬರೇ ಓಡ್ಸಿ ತೋರಸ್ರಿ."

ಆತ ನೋಡುತ್ತಿದ್ದುದು ಎಮ್ಮೆಯನ್ನು. ಎಮ್ಮೆ ತಲೆಯೆತ್ತಿತು. "ಆಯ್ತ್ರಿ ಮಾವಾರ" ಎಂದ ಕೈಲಾಸ, ಎಮ್ಮೆಯ ಪರವಾಗಿ.

ಅಷ್ಟರಲ್ಲಿ ರಂಭಾಬಾಯಿ ಉಂಡೆ ಕಟ್ಟುವ ಕೈ ತಡೆದು ಅವನನ್ನು ಹತ್ತಿರ ಕರೆದಳು. ಹಲ್ಲಿಲ್ಲದ ಬಾಯಿ, ಸಣ್ಣ ದನಿ.

"ತಮ್ಮಾ, ಅಮಾಸಿ ಮುಂಜಾನಿ ಹೊಲಕ್ಕ ಒಬ್ಬನೇ ಹೋಗಬ್ಯಾಡ. ಹೋದ್ರ, ಹಿಂದಿಂದ ಯಾರರ ಹೆಸರ ಹಿಡದು ಕರದ್ರ ತಿರುಗಿ ನೋಡಬ್ಯಾಡ, ಓ ಅನಬ್ಯಾಡ. ಮಣ್ಣಾಗ ಹೋದವರು ಮನ್ಯಾಗಿನವರ ದನಿ ತಗೊಂಡು ಕರೀತಾರ."

"ಆಯಿ, ನನ್ನ ಗಾಡ್ಯಾಗ ತಿರುಗಿ ನೋಡೂ ಮಾತೇ ಇಲ್ಲ! ಎರಡು ಕನ್ನಡಿ ಅವ!"

ಮುದುಕಿ ಅವನನ್ನೇ ನೋಡಿದಳು. "ಕನ್ನಡ್ಯಾಗ ನೋಡೂದು ಇನ್ನೂ ಕೆಟ್ಟ" ಎಂದು ಮತ್ತೊಂದು ಉಂಡೆ ಕಟ್ಟಿದಳು.

ಮುಂಜಾನೆ ಕೈಲಾಸ ಎದ್ದಾಗ ಊರು ಇರಲಿಲ್ಲ. ಮಂಜು ಇತ್ತು, ಅಷ್ಟೇ. ಬೆಳಕಾಗಿತ್ತು, ಆದರೆ ಆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹೇಳುವಂತಿರಲಿಲ್ಲ. ಹಾಲಿನ ಪಾತ್ರೆಯೊಳಗೆ ಕೂತು ಹೊರಗೆ ನೋಡಿದ ಹಾಗೆ. ಜನ ಬರುವ ಮೊದಲು ಹೊಲದಲ್ಲಿ ಒಂದು ತಾಲೀಮು ಮಾಡಿಬಿಡೋಣ ಎಂದು ಅವನು ಗಾಡಿ ತೆಗೆದ.

"ಥೋಡೆ ತಡೀರಿ, ಅಂಬಲಿ ಮಡಕಿ ತಗೊಂಡು ನಾನೂ ಬರ್ತೀನಿ" ಎಂದಳು ಮೀನಲ.

"ನೀ ನಡ್ಕೋತ ಬಾ. ನಾ ಅಷ್ಟರಾಗ ಕೊಂಪಿ ಮುಂದ ಗಾಡಿ ಸಿಂಗಾರ ಮಾಡಿ ನಿಂದರಸ್ತೀನಿ!"

ಹೊಲಕ್ಕೆ ಬಂದು ಎಂಜಿನ್ ಬಂದ್ ಮಾಡಿದ. ಮಂಜಿನ ನಡುವೆ ಕೊಂಪಿ ತಲೆ ಬಾಗಿ ಕೂತ ಮುದುಕಿಯ ಹಾಗೆ ಕಾಣುತ್ತಿತ್ತು. ಅದರ ಬಾಗಿಲ ಕತ್ತಲೆಯೊಳಗೆ ಬಿಳಿ ಕಲ್ಲುಗಳು. ಹಕ್ಕಿಯಿಲ್ಲ, ನಾಯಿಯಿಲ್ಲ. ತೊಗರಿಯ ಎಲೆಯಿಂದ ಹನಿ ಬೀಳುವ ಸದ್ದು ಮಾತ್ರ. ಆ ಹನಿಯೂ ಒಮ್ಮೆ ನಿಂತಿತು.

"ಕೈಲಾಸಾ…"

ಹಿಂದಿನಿಂದ. ಕಿವಿಯ ಹತ್ತಿರ ಅಲ್ಲ, ದೂರವೂ ಅಲ್ಲ.

ಅವನ ಬೆನ್ನ ಮೇಲಿನ ಕೂದಲು ಒಂದೊಂದಾಗಿ ಎದ್ದು ನಿಂತು ಹಾಜರಿ ಹೇಳಿದವು. 'ಮುಂಗಸಿ ಇರಬೇಕು' ಎಂದು ಅವನು ಸಮಾಧಾನ ಮಾಡಿಕೊಂಡ. ಮುಂಗಸಿಗೆ ತನ್ನ ಹೆಸರು ಹೇಗೆ ಗೊತ್ತಾಯಿತು ಎಂಬುದನ್ನು ವಿಚಾರಿಸಲು ಹೋಗಲಿಲ್ಲ. ಎಂಜಿನ್ನಿನ ಸದ್ದಿಗಿಂತ ದೊಡ್ಡ ಮಂತ್ರವಿಲ್ಲ ಎಂದು ಕೂಡಲೇ ಚಾಲೂ ಮಾಡಿದ.

ಕೊಂಪಿಯ ಪಕ್ಕ ಗಾಡಿ ನಿಲ್ಲಿಸಲು ಹಿಂದಕ್ಕೆ ಬಿಟ್ಟ. ಕನ್ನಡಿಗೆ ಮಂಜು ಹತ್ತಿತ್ತು. ತೂತಿನಿಂದ ಕೈ ಹಾಕಿ ಒರೆಸಿದ. ಒರೆಸಿದ್ದು ಮತ್ತೆ ಮಸುಕಾಯಿತು. ಹಿಂದೆ ತಾಡಪತ್ರಿ. ಮುಂದೆ ಝಾಲರ. ಕಂಪನಿಯವರು ಕುಂತಲ್ಲೇ ಕಾಣಲಿ ಎಂದು ಇಟ್ಟಿದ್ದ ಕಲ್ಟಿವೇಟರು ಈಗ ಬೇರೆ ತಾಲೂಕಿನಲ್ಲಿದ್ದ ಹಾಗೆ ಕಾಣೆಯಾಗಿತ್ತು. 'ಸರ್ರ್' ಎಂದು ಏನೋ ಮೆತ್ತಗೆ ತಾಕಿತು.

"ಬಸ್, ಬಂತು" ಎಂದ. ನಿಂತ ಜಾಗ ಮನಸ್ಸಿಗೆ ಬರಲಿಲ್ಲ. ಇನ್ನೊಮ್ಮೆ ಸುತ್ತು ಹಾಕಿ ಬರೋಣವೆಂದು ಮುಂದಕ್ಕೆ ಹೊಡೆದ.

ಎತ್ತಿ ಹಿಡಿದ ಕಲ್ಟಿವೇಟರಿನ ಹಲ್ಲು ಕೊಂಪಿಗೆ ಬಿಗಿದ, ಎಮ್ಮೆ ಕಟ್ಟುವ ನೈಲಾನ್ ಹಗ್ಗಕ್ಕೆ ಗಟ್ಟಿಯಾಗಿ ಸಿಕ್ಕಿತ್ತೆಂಬುದು ಆ ಹೊತ್ತಿಗೆ ಪಾಂಡವರಿಗೆ ಮಾತ್ರ ಗೊತ್ತಿತ್ತು.

ಇಪ್ಪತ್ತು ಮಾರು ಹೋಗಿ ಎಡ ಕನ್ನಡಿ ನೋಡಿದ. ಕೊಂಪಿ ಕಂಡಿತು. ಛಲೋ.

ಬೇವಿನ ಮರ ದಾಟಿದ. ನೋಡಿದ. ಕೊಂಪಿ ಕಂಡಿತು. ಅಷ್ಟೇ ದೊಡ್ಡದು.

ಬಾವಿ ದಾಟಿದ. ಕೊಂಪಿ ಅಷ್ಟೇ ದೊಡ್ಡದು!

ಕೈಲಾಸ ಕನ್ನಡಿ ಒರೆಸಿದ. ಕೊಂಪಿ ಇನ್ನೂ ಸ್ಪಷ್ಟವಾಯಿತು. ಕಪ್ಪು ಬಾಗಿಲು ಬಾಯಿ ತೆರೆದು ಅವನತ್ತಲೇ ಮುಖ ಮಾಡಿತ್ತು. ಕೆಂಪು ಶಾಲು ನಾಲಿಗೆಯಂತೆ ಅಲ್ಲಾಡುತ್ತಿತ್ತು. ಒಳಗಿನ ಬಿಳಿ ಕಲ್ಲುಗಳು ಮಾತ್ರ ಇರಲಿಲ್ಲ. ಪಾಂಡವರು ಎದ್ದು ಹೊರಗೆ ಬಂದಿದ್ದರು! ಎಲ್ಲಿ ಹೋದರು?

ಎಂಜಿನ್ನಿನ ಸದ್ದಿನ ಕೆಳಗೆ ಇನ್ನೊಂದು ಸದ್ದು ಕೇಳುತ್ತಿತ್ತು. ಸರ್ರ್… ಸರ್ರ್… ಯಾರೋ ಉಸಿರು ಎಳೆದು ಎಳೆದು ಬರುವ ಹಾಗೆ.

ಅವನು ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದ. ಕೊಂಪಿ ಎಡಕ್ಕೆ ತಿರುಗಿತು. ಬಲಕ್ಕೆ ತಿರುಗಿಸಿದ. ಕೊಂಪಿ ಜರಾ ವಿಚಾರ ಮಾಡಿ ಬಲಕ್ಕೆ ತಿರುಗಿತು. ಎಕ್ಸಿಲೇಟರ್ ಒತ್ತಿದ. ಕೊಂಪಿಯೂ ಒತ್ತಿತು!

ಬಾಯಲ್ಲಿ ಶಿವನ ಹೆಸರು ತೆಗೆಯಲು ಹೋದ. 'ಇಳಿಜಾರ ಬಾನೆಟ್, ಸೋಫಾ ಸೀಟು' ಎಂದು ಬಂತು. ಮೂರು ವರ್ಷದ ರೂಢಿ!

ಆಗ ಬಲ ಕನ್ನಡಿಯಲ್ಲಿ ಇನ್ನೊಂದು ಕಂಡಿತು. ಬಿಳಿಯದು. ತಲೆಯಿಂದ ಕೆಳಗೆ ಬಿಳಿ, ಸೊಂಟದ ಕೆಳಗೆ ಏನೂ ಇಲ್ಲ. ಮಂಜಿನ ಮೇಲೆ ತೇಲುತ್ತ, ಏಳುತ್ತ ಬೀಳುತ್ತ ಬರುತ್ತಿದೆ. ಬಗಲಲ್ಲಿ ಮಡಕೆ. ಮಡಕೆಯಿಂದ ಬಿಳಿಯ ರಕ್ತ ಸುರಿಯುತ್ತಿದೆ!

"ಕೈಲಾಸಾ! ನಿಂದ್ರೋ ಕೈಲಾಸಾ!"

ದನಿ ಮೀನಲಳದೇ. ಒಂದು ಕ್ಷಣ ಅವನ ಜೀವ ತಣ್ಣಗಾಯಿತು. ಮರುಕ್ಷಣ ತಲೆ ಕೆಲಸ ಮಾಡಿತು, ಅದೇ ತಪ್ಪಾಯಿತು. ಲಗ್ನವಾಗಿ ಎಂಟು ತಿಂಗಳಲ್ಲಿ ಮೀನಲ ಒಮ್ಮೆಯೂ ಗಂಡನ ಹೆಸರು ಹಿಡಿದವಳಲ್ಲ. 'ರೀ' ಅನ್ನುತ್ತಾಳೆ, 'ಏನ್ರೀ' ಅನ್ನುತ್ತಾಳೆ, ಸಿಟ್ಟು ಬಂದರೆ ಪಾತ್ರೆ ಕುಟ್ಟುತ್ತಾಳೆ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದಾಗ ಗೋಡೆಯ ಮೇಲಿನ ಶಿವನ ಕ್ಯಾಲೆಂಡರ್ ತೋರಿಸಿ, "ಇಂವಾ ಇರೂ ಗುಡ್ಡದ ಹೆಸರು ಬರ್ಕೋರಿ" ಎಂದು ಬಂದವಳು! ಅಂಥವಳು "ನಿಂದ್ರೋ ಕೈಲಾಸಾ" ಅನ್ನುತ್ತಾಳೆಯೇ? ದನಿ ಮೀನಲಳದು. ಕರೆಯುತ್ತಿರುವುದು ಮೀನಲ ಅಲ್ಲ!

"ಸತ್ತ್ಯೋ ಯಪ್ಪಾ!" ಎಂದು ಅವನು ಬದುವಿನ ಮೇಲೆ ಗಾಡಿ ಹತ್ತಿಸಿದ. ಗಾದಿ ಅವನನ್ನು ಮೇಲೆ ಎಸೆಯಿತು, ಮೇಲ್ಕಟ್ಟು ಕೆಳಗೆ ಬಡಿಯಿತು. ಗಾಡಿ ಪಕ್ಕದ ಅಮೃತಪ್ಪನ ಕಡಲೆಯ ಹೊಲದ ದಾರಿಗೆ ಇಳಿಯಿತು. ಕೊಂಪಿ ಬದುವನ್ನು ಹಾರಿ ಇಳಿಯಿತು.

ಅಮೃತಪ್ಪ, ಅವನ ತಾಯಿ ಕುಸುಮಬಾಯಿ ಆಗಷ್ಟೇ ಬಂದು ದಾರಿಯ ಅಂಚಿನಲ್ಲಿ ಬುಟ್ಟಿ ಇಳಿಸಿದ್ದರು. ಮಂಜಿನ ಬಣ್ಣದ ತಾಡಪತ್ರಿ ಹೊದ್ದ ಟ್ರ್ಯಾಕ್ಟರ್ ಅವರಿಗೆ ಕಾಣಲಿಲ್ಲ. ಕಂಡದ್ದು, ಗುಡುಗಿನ ಸದ್ದು ಮಾಡುತ್ತ ಪಾಂಡವರ ಕೊಂಪಿ ತಾನೇ ಎದ್ದು ಓಡಿಬರುತ್ತಿರುವುದು!

"ಯವ್ವಾ, ಪಾಂಡವರು ವನವಾಸಕ್ಕ ಹೊಂಟಾರ!" ಎಂದು ಅಮೃತಪ್ಪ ಟೋಪಿ ತೆಗೆದು ಅಲ್ಲೇ ಅಡ್ಡಬಿದ್ದ.

ಕುಸುಮಬಾಯಿ ಮಗನಿಗಿಂತ ಗಟ್ಟಿ. "ಹುಲ್ಲುಲ್ಲಿಗೋ!" ಎಂದು ಹೊಲಕ್ಕೆ ಚರಗ ಚೆಲ್ಲುವ ಕೂಗು ಹಾಕಿ, ಒಂದು ಸೌಟು ಅಂಬಲಿ ಬೀಸಿ ಎರಚಿದಳು. ಅದು ತೂತಿನಿಂದ ಒಳಗೆ ಬಂದು ಕೈಲಾಸನ ಎರಡೂ ಕಣ್ಣು ತುಂಬಿತು.

ಈಗ ಝಾಲರವೂ ಕಾಣದಾಯಿತು. ಕನ್ನಡಿಯೂ ಇಲ್ಲ, ದಾರಿಯೂ ಇಲ್ಲ. ಸರ್ರ್ ಸರ್ರ್ ಎಂಬ ಉಸಿರು ಹತ್ತಿರ ಬಂತು. ಗಾಡಿ ಒಂದು ಬದಿಗೆ ಜಗ್ಗಿತು; ಯಾರೋ ಪಾವಟಿಗೆಯ ಮೇಲೆ ಹತ್ತಿದರು. ಅವನು ಒಂದು ಕಣ್ಣು ಕಷ್ಟಪಟ್ಟು ತೆರೆದ. ತಾಡಪತ್ರಿಯ ಅಂಚು ಮೆಲ್ಲಗೆ ಎದ್ದಿತು.

ಅದರ ಕೆಳಗಿನಿಂದ ಒಂದು ಕೈ ಒಳಗೆ ಬಂತು. ಬೆಳ್ಳಗೆ, ಒದ್ದೆ ಒದ್ದೆ, ಮೊಣಕೈವರೆಗೂ ಹನಿ ಸೋರುವ ಕೈ. ಅದು ಅವನ ಮಂಡಿಯ ಮೇಲೆ ಹಾದು, ಹುಡುಕದೆ, ತಡಕಾಡದೆ, ತನಗೆ ಬೇಕಾದ ಜಾಗ ಮೊದಲೇ ಗೊತ್ತಿದ್ದ ಹಾಗೆ ಎಂಜಿನ್ ನಿಲ್ಲಿಸುವ ಗುಂಡಿಯನ್ನು ಹಿಡಿದು ಎಳೆಯಿತು.

ಎಂಜಿನ್ ಸತ್ತಿತು. ಸಕಲವೂ ನಿಂತಿತು.

ಆ ಮೌನದಲ್ಲಿ ತಾಡಪತ್ರಿಯ ಆಚೆಯಿಂದ ಏದುಸಿರಿನ ದನಿ ಬಂತು: "ಬ್ರೇಕ್ ಅನ್ನೂದು ಒಂದು ಇರ್ತದ್ರೀ ಗಾಡ್ಯಾಗ!"

'ರೀ' ಎಂದ ಕೂಡಲೇ ಕೈಲಾಸನಿಗೆ ಹೆಂಡತಿ ವಾಪಸು ಸಿಕ್ಕಳು! ಚಳಿಗೆ ಹೊದ್ದ ಬಿಳಿ ಚಾದರ, ಬಗಲಲ್ಲಿ ಬಾಯಿ ಒಡೆದ ಮಡಕೆ, ಮೈತುಂಬ ಅಂಬಲಿ.

"ಕೊಂಪಿ… ಕೊಂಪಿ ಬೆನ್ನ ಹತ್ತ್ಯದ!" ಎಂದ ಅವನು, ಅವಳ ಕೈ ಬಿಡದೆ.

"ಬೆನ್ನ ಹತ್ತಿಲ್ಲ, ನೀವೇ ಜಗ್ಗಿಕೋತ ಹೊಂಟೀರಿ! ರೀ ರೀ ಅಂತ ಗಂಟಲ ಹರ್ಕೊಂಡೆ. ಕೇಳಲಿಲ್ಲ. ಕಡೀಕ ಹೆಸರ ಹಿಡಿಬೇಕಾತು, ಆ ಪಾಪ ಬ್ಯಾರೆ ನಂಗ. ಹೆಸರ ಹಿಡದ್ರ ನಿಂದರೂದು ಬಿಟ್ಟು ಇನ್ನೂ ಜೋರ ಓಡಸ್ತೀರಲ್ಲ!"

ಮಂಜಿನಿಂದ ಒಬ್ಬೊಬ್ಬರಾಗಿ ಜನ ಮೂಡಿದರು. ರೇವಣಪ್ಪ, ಚಂಪಾಬಾಯಿ, ಕೋಲೂರಿಕೊಂಡು ರಂಭಾಬಾಯಿ. ಅಮೃತಪ್ಪ ಮಣ್ಣು ಕೊಡವುತ್ತ ಎದ್ದು ಬಂದು, ಕೊಂಪಿಯನ್ನೊಮ್ಮೆ ಕೈಲಾಸನನ್ನೊಮ್ಮೆ ನೋಡಿ, ತಾನು ಯಾರಿಗೆ ಅಡ್ಡಬಿದ್ದೆ ಎಂದು ತಿಳಿದು ಮುಖ ಸಣ್ಣದು ಮಾಡಿದ. ಪಾಂಡವರು ಎಲ್ಲೂ ಹೋಗಿರಲಿಲ್ಲ. ಸೂರು ಹಾರಿಹೋದ ಸಂಸಾರಸ್ಥರಂತೆ ಇದ್ದ ಜಾಗದಲ್ಲೇ ಬಯಲಿನಲ್ಲಿ ಕೂತಿದ್ದರು.

ಎಲ್ಲರೂ ನಕ್ಕರು. ಕೈಲಾಸನೂ ನಕ್ಕ. "ಏನೇ ಅನ್ರಿ, ಆಯಿ ಮಾತಿನಿಂದ ಹೆದರಿದೆ. ಎರಡು ಸಲ ಹೆಸರ ಹಿಡದು ಕರದಳಲ್ಲ ಈಕಿ. ಒಮ್ಮಿ ಅಲ್ಲಿ ಕೊಂಪಿ ಹತ್ರ ನಾ ಎಂಜಿನ್ ಬಂದ್ ಮಾಡಿದಾಗ…"

ಮೀನಲಳ ನಗು ನಿಂತಿತು. "ಕೊಂಪಿ ಹತ್ರ? ಆಗ ನಾ ಇನ್ನೂ ಮನ್ಯಾಗ ಮಡಕಿ ತುಂಬ್ಲತ್ತಿದ್ದೆ."

ತೊಗರಿಯ ಎಲೆಯಿಂದ ಒಂದು ಹನಿ ಬಿತ್ತು. ರಂಭಾಬಾಯಿ ಮುಂದೆ ಬಂದು, ಸೆರಗಿನ ಗಂಟು ಬಿಚ್ಚಿ, ಒಂದಿಡೀ ಸಜ್ಜೆಯ ಉಂಡೆಯನ್ನು ಅವನ ಬಾಯಿಗೆ ತುರುಕಿದಳು. "ಓ ಅಂದಿಲ್ಲ ಹೌದಿಲ್ಲೋ? ಹಂಗಾದ್ರ ಬಿಡು" ಎಂದಳು. ಉಂಡೆ ತುಂಬಿದ ಬಾಯಲ್ಲಿ ಅವನು ಇನ್ನು ಓ ಅನ್ನುವಂತೆಯೂ ಇರಲಿಲ್ಲ.

ರೇವಣಪ್ಪ ಗಾಡಿಯತ್ತ ಬಂದ. ಸರಸರನೆ ತಾಡಪತ್ರಿ ಬಿಚ್ಚಿದ. ಝಾಲರ ಹರಿದ. ಗಾದಿ ಎತ್ತಿ ಬದುವಿಗೆ ಒಗೆದ. ಬೋಳಾದ ಸೀಟಿನ ಮೇಲೆ ಕೂತು ಮುಂದೆ ನೋಡಿದ, ಕಾಲು ಚಾಚಿ ನೋಡಿದ. ಕುತ್ತಿಗೆ ಎಡಕ್ಕಿದ್ದರೂ ಕಣ್ಣಂಚಿನಲ್ಲೇ ಕಲ್ಟಿವೇಟರಿನ ಅಷ್ಟೂ ಹಲ್ಲು, ಹಲ್ಲಿಗೆ ಸಿಕ್ಕ ಹಗ್ಗ, ಹಗ್ಗಕ್ಕೆ ಸಿಕ್ಕ ಕೊಂಪಿ ಕಂಡವು.

"ಎಲ್ಲಾ ಕಾಣ್ತದಲ್ಲೋ!" ಎಂದ ಅಚ್ಚರಿಯಿಂದ. ಇಳಿದು ಮಗಳತ್ತ ಕೈ ಮಾಡಿದ. "ಮೀನಲ, ಕೊಂಪಿ ಒಯ್ದು ಪಾಂಡವರ ಮ್ಯಾಲ ಇಡು."

"ಆಕಿಗಿ ಬರೂದಿಲ್ರಿ ಮಾವಾರ, ಕ್ಲಚ್ಚು…" ಎಂದು ಕೈಲಾಸ ಅನ್ನುವಷ್ಟರಲ್ಲಿ ಮೀನಲ ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿ ಕೂತಾಗಿತ್ತು. ಶಾಲೆಯ ಎಂಟನೇ ಇಯತ್ತೆಯಿಂದ ಅಪ್ಪನ ದೊಡ್ಡ ಟ್ರ್ಯಾಕ್ಟರ್ ಓಡಿಸಿದವಳು. ಎಂಟು ತಿಂಗಳಲ್ಲಿ ಗಂಡ ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಕೊಂಪಿಯನ್ನು ಮೆಲ್ಲಗೆ ಎಳೆದುಕೊಂಡು ಹೋಗಿ, ಕಲ್ಲುಗಳ ಹತ್ತಿರ ಕಲ್ಟಿವೇಟರಿನಿಂದಲೇ ಅದನ್ನು ಎತ್ತಿ, ಒಂದು ಕಲ್ಲೂ ಅಲುಗದಂತೆ ಹಿಂದಕ್ಕೆ ಬಿಟ್ಟು, ಜಾಗಕ್ಕೆ ಜಾಗ ನಿಲ್ಲಿಸಿ ಹಗ್ಗ ಬಿಚ್ಚಿಸಿದಳು. ಕೈಲಾಸ ಒಡೆದ ಮಡಕೆ ಹಿಡಿದು ಹಿಂದೆ ಹಿಂದೆ ನಡೆದುಬಂದ.

ಮಧ್ಯಾಹ್ನ ಮಂಜು ಕರಗಿ ಹೊಲವೆಲ್ಲ ಜನ. ನಾಗನಾಥ ಸೇಠರು ಬಂದು ಪಂಕ್ತಿಯಲ್ಲಿ ಕೂತು ಭಜ್ಜಿಗೆ ರೊಟ್ಟಿ ಮುರಿದರು. ಕೈಲಾಸ ರೊಟ್ಟಿಯನ್ನು ಚೂರು ಚೂರು ಮಾಡುತ್ತ ಕೂತಿದ್ದ. ರಾಮ್ ರಾಮ್ ಎಂಬ ಎರಡು ಮಾತು ಎಲೆಯ ಮುಂದೆಯೇ ಕೂತ ಹಾಗಿತ್ತು.

"ಸೇಠಜೀ, ಒಂದು ಗಾಡಿ ಬರೀರಿ" ಎಂದ ರೇವಣಪ್ಪ. ಮುಖ ಇದ್ದದ್ದು ಅಮೃತಪ್ಪನ ಕಡೆಗೆ. ಮೀನಲ ಗಾಡಿ ಓಡಿಸಿದ್ದನ್ನು ಬೆಳಗಿನಿಂದ ನೆನೆಯುತ್ತಿದ್ದ ಅಮೃತಪ್ಪ, ತನ್ನನ್ನೇ ಕೇಳಿದರೆಂದು ತಿಳಿದು, "ನಂದೂ ಒಂದು ಬರೀರಿ" ಎಂದುಬಿಟ್ಟ.

ಸೇಠರ ಕೈಯ ರೊಟ್ಟಿ ಅಲ್ಲೇ ನಿಂತಿತು. "ಎರಡು ಬುಕಿಂಗ್! ಶಾಬ್ಬಾಸ ಕೈಲಾಸ! ಏನ್ ತೋರ್ಸಿ ಒಪ್ಪಿಸಿದಿ?"

ಕೈಲಾಸ ಬಾಯಿ ತೆರೆಯುವ ಮೊದಲೇ ರಂಭಾಬಾಯಿ ಶುರು ಮಾಡಿದಳು. ಕೊಂಪಿ, ಕನ್ನಡಿ, ಬಿಳಿ ಕೈ, ಅಮೃತಪ್ಪನ ಅಡ್ಡಬೀಳಿಕೆ, ಯಾವುದನ್ನೂ ಬಿಡಲಿಲ್ಲ. ಸೇಠರು ನಗಲಿಲ್ಲ. ಅಂಬಲಿಯ ಬಟ್ಟಲು ಖಾಲಿ ಮಾಡಿ, ಮೀಸೆ ಒರೆಸಿ, ವ್ಯಾಪಾರಿಯ ಮುಖ ಮಾಡಿದರು.

"ಮೀನಲಬಾಯಿ, ನಾಳಿಯಿಂದ ಶೋರೂಮಿಗಿ ಬಾ. ಡೆಮೊ ನಿಂದು. ಕಾಯಂ."

ಕೈಲಾಸ ಎಲೆಯ ಮೇಲೆ ತಲೆ ಬಾಗಿಸಿದ. "ಮತ್ತ ನಾ, ಸೇಠಜೀ?"

"ನೀನೂ ಕಾಯಂ! ನಿನ್ನ ಹ್ಯಾಂಗ ಬಿಡ್ಲಿ? ಗಿರಾಕಿ ಬಂದ ಕೂಡ್ಲೇ ಮೊದಲ ನೀ ಓಡ್ಸು, ಆಮ್ಯಾಲ ಮೀನಲಬಾಯಿ ಓಡಸ್ಲಿ. ಗಾಡ್ಯಾಗ ಏನೂ ಐಬ ಇಲ್ಲಂತ ಗಿರಾಕಿಗಿ ತಾನಾಗೇ ತಿಳೀತದ!"